ನಿಮ್ಮ ತಟ್ಟೆಗೆ ನಿಮ್ಮದೇ ಲೆಕ್ಕ: ಮನೆಯ ಮೀಟರ್ ಇಟ್ಟುಕೊಂಡು ಶುಗರ್ ಜತೆ ಬಾಳುವ ಕ್ರಮ

ಶುಗರ್ ಇದೆ ಎಂದು ಗೊತ್ತಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಏನು ತಿನ್ನಬಹುದು, ಏನು ತಿನ್ನಬಾರದು? ಉತ್ತರ ಕೊಡುವವರಿಗೂ ಬರವಿಲ್ಲ. ಪಕ್ಕದ ಮನೆಯವರು ಅನ್ನ ಪೂರ್ತಿ ಬಿಡಿ ಅನ್ನುತ್ತಾರೆ. ನೆಂಟರು ಮುದ್ದೆ ಎಷ್ಟು ಬೇಕಾದರೂ ತಿನ್ನಿ ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಬರುವ ಪಟ್ಟಿಗಳಂತೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾನು ಹಲವು ವರ್ಷಗಳಿಂದ ಟೈಪ್ 2 ಸಕ್ಕರೆ ಕಾಯಿಲೆಯ ಜತೆ ಬದುಕುತ್ತಿದ್ದೇನೆ. ಈ ಪ್ರಶ್ನೆಗೆ ನನಗೆ ನಂಬುವಂಥ ಉತ್ತರ ಸಿಕ್ಕಿದ್ದು ಮನೆಯಲ್ಲಿರುವ ಪುಟ್ಟ ಗ್ಲುಕೋಮೀಟರ್‌ನಿಂದ, ಅಂದರೆ ಬೆರಳಿನ ರಕ್ತದ ಹನಿಯಲ್ಲಿ ಶುಗರ್ ನೋಡುವ ಯಂತ್ರದಿಂದ. ಒಂದೇ ಊಟ ಇಬ್ಬರ ರಕ್ತದಲ್ಲಿ ಒಂದೇ ಥರ ಏರುವುದಿಲ್ಲ. ಹಾಗಾಗಿ ನಿಮ್ಮ ತಟ್ಟೆಯ ಲೆಕ್ಕವನ್ನು ನಿಮ್ಮ ಮೀಟರ್‌ನಲ್ಲೇ ನೋಡಬೇಕು.

2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಜನ ಕಾಯಿಲೆಯ ಗಡಿಯಲ್ಲಿದ್ದಾರೆ. ಇಷ್ಟು ಜನರನ್ನು ನೋಡುವ ಡಾಕ್ಟರು ಒಬ್ಬೊಬ್ಬರಿಗೂ ಕೊಡಬಲ್ಲದ್ದು ಕೆಲವೇ ನಿಮಿಷ. ಔಷಧಿ ಅವರು ಬರೆಯುತ್ತಾರೆ. ದಿನಕ್ಕೆ ಮೂರು ಹೊತ್ತು ಬಡಿಸಿಕೊಳ್ಳುವವರು ನಾವೇ ಅಲ್ವಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಟೈಪ್ 2 ಇರುವ, ಮಾತ್ರೆ ತೆಗೆದುಕೊಳ್ಳುವ ದೊಡ್ಡವರಿಗಾಗಿ ಬರೆದದ್ದು. ಟೈಪ್ 1 ಇರುವವರಿಗೆ, ಗರ್ಭಿಣಿಯರಿಗೆ ಗುರಿಗಳೂ ಬೇರೆ, ಪರೀಕ್ಷೆಯ ಕ್ರಮವೂ ಬೇರೆ. ಇಲ್ಲಿ ಓದಿ ಮಾತ್ರೆಯ ಅಳತೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ತಟ್ಟೆಯನ್ನು ಬದಲಿಸಿ, ಬರೆದಿಡಿ, ಡಾಕ್ಟರಿಗೆ ತೋರಿಸಿ.

ಹೆಜ್ಜೆ 1: ಮೀಟರ್ ಕೊಳ್ಳುವ ಮುಂಚೆ ಸ್ಟ್ರಿಪ್ ಬೆಲೆ ಕೇಳಿ

ಮೀಟರ್ ಒಂದು ಸಲದ ಖರ್ಚು. ರಕ್ತದ ಹನಿ ತಾಗಿಸಲು ಮೀಟರ್‌ಗೆ ಸಿಕ್ಕಿಸುವ ಪುಟ್ಟ ಪಟ್ಟಿಯೇ ಸ್ಟ್ರಿಪ್, ಅದು ಪ್ರತಿ ತಿಂಗಳ ಖರ್ಚು. ಒಂದು ಸ್ಟ್ರಿಪ್‌ಗೆ ಸುಮಾರು 15ರಿಂದ 25 ರೂಪಾಯಿ ಬೀಳುತ್ತದೆ, ಕಂಪನಿಯ ಮೇಲೆ ಹೋಗುತ್ತದೆ. ಮೀಟರ್ ಅಗ್ಗವೆಂದು ತಂದು, ಸ್ಟ್ರಿಪ್ ದುಬಾರಿಯಾಗಿ ಬೀರುವಿನಲ್ಲಿ ಮಲಗಿಸಿಟ್ಟವರು ಬಹಳ ಜನ. ನಿಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ಯಾವ ಸ್ಟ್ರಿಪ್ ಯಾವಾಗ ಹೋದರೂ ಸಿಗುತ್ತದೋ, ಆ ಮೀಟರನ್ನೇ ಕೊಳ್ಳಿ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ಯಾವಾಗಲೂ ಬಿಗಿಯಾಗಿರಲಿ. ತೇವ ತಾಗಿದರೆ ಸ್ಟ್ರಿಪ್ ಸುಳ್ಳು ಹೇಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದನ್ನು ಇನ್ನೂ ಜಾಗ್ರತೆಯಿಂದ ನೋಡಿಕೊಳ್ಳಬೇಕು. ಎಕ್ಸ್‌ಪೈರಿ ತಾರೀಖು ನೋಡಿ. ಡಬ್ಬಿ ಒಡೆದ ಮೇಲೆ ಎಷ್ಟು ದಿನದೊಳಗೆ ಮುಗಿಸಬೇಕು ಎಂಬುದನ್ನೂ ಅದರ ಮೇಲೆಯೇ ಬರೆದಿರುತ್ತಾರೆ.

ಲ್ಯಾಬ್‌ನಲ್ಲಿ 150 (ಇಲ್ಲಿನ ಶುಗರ್ ಅಂಕಿಗಳೆಲ್ಲ ಎಂಜಿ/ಡಿಎಲ್ ಲೆಕ್ಕದಲ್ಲಿ), ಮನೆಯಲ್ಲಿ 162 ಬಂದರೆ ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ನಮಗೆ ಬೇಕಾದದ್ದು ಊಟದ ಮುಂಚೆ ಮತ್ತು ನಂತರದ ವ್ಯತ್ಯಾಸ. ಅದಕ್ಕೆ ಒಂದೇ ಮೀಟರ್ ಬಳಸುತ್ತಾ ಹೋದರೆ ಸಾಕು.

ಹೆಜ್ಜೆ 2: ಚುಚ್ಚುವ ಕೈ ಶುಚಿಯಾಗಿರಲಿ

ಬಾಳೆಹಣ್ಣು ಸುಲಿದ ಕೈಯಲ್ಲೇ ಬೆರಳು ಚುಚ್ಚಿದರೆ ಮೀಟರ್ ಇಲ್ಲದ ಶುಗರನ್ನು ತೋರಿಸುತ್ತದೆ. ಬೆರಳ ಮೇಲಿನ ಹಣ್ಣಿನ ರಸ ರಕ್ತದ ಹನಿಯಲ್ಲಿ ಸೇರಿಕೊಳ್ಳುವುದೇ ಕಾರಣ. ಸ್ಪಿರಿಟ್ ಹತ್ತಿ ಕಡ್ಡಾಯವಲ್ಲ. ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಕೈ ಒದ್ದೆ ಇದ್ದರೆ ರಕ್ತ ನೀರಾಗಿ ಅಂಕಿ ತಗ್ಗುತ್ತದೆ.

ಬೆರಳಿನ ತುದಿಯ ನಡುಭಾಗಕ್ಕೆ ಚುಚ್ಚಬೇಡಿ. ಅಲ್ಲಿ ನೋವು ಜಾಸ್ತಿ. ಆಮೇಲೆ ತುತ್ತು ಕಲಸುವಾಗ, ಸಾರಿನ ಖಾರ ತಾಗಿದಾಗ ಉರಿಯುತ್ತದೆ. ಬೆರಳಿನ ಪಕ್ಕಕ್ಕೆ, ಉಗುರಿನ ಬದಿಗೆ ಚುಚ್ಚಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟು, ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ನೀವಿದರೆ ಹನಿ ತಾನಾಗಿ ಬರುತ್ತದೆ. ತುದಿಯನ್ನು ಹಿಂಡಿ ಹಿಂಡಿ ತೆಗೆದ ಹನಿಯಲ್ಲಿ ಅಂಕಿ ಸರಿಯಾಗಿ ಬರುವುದಿಲ್ಲ. ದಿನಕ್ಕೊಂದು ಬೆರಳು ಬದಲಿಸಿ. ನಾನು ಎಡಗೈಯ ಉಂಗುರ ಬೆರಳು, ನಡುಬೆರಳುಗಳನ್ನು ಹೆಚ್ಚು ಬಳಸುತ್ತೇನೆ, ಊಟಕ್ಕೂ ಬರವಣಿಗೆಗೂ ಅಡ್ಡಿಯಿಲ್ಲ.

ಒಬ್ಬರ ಸೂಜಿಯನ್ನು ಇನ್ನೊಬ್ಬರು ಮುಟ್ಟಬಾರದು. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೂ ಅಷ್ಟೇ. ಬಳಸಿದ ಸೂಜಿಗಳನ್ನು ಒಂದು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಹಾಕಿಡಿ. ಕಸ ಆಯುವವರ ಕೈಗೆ ಚುಚ್ಚಬಾರದು.

ಹೆಜ್ಜೆ 3: ಜೋಡಿಯಾಗಿ ನೋಡಿ

ಬೆಳಿಗ್ಗೆ ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಅಂಕಿ ಮಾತ್ರ ನೋಡಿ ಸಮಾಧಾನ ಪಟ್ಟುಕೊಳ್ಳುವವರೇ ಜಾಸ್ತಿ. ಫಾಸ್ಟಿಂಗ್ ಅಂಕಿ ನಿನ್ನೆಯ ರಾತ್ರಿಯ ಬಗ್ಗೆ, ಲಿವರ್‌ನ ಬಗ್ಗೆ ಒಂದಿಷ್ಟು ಹೇಳುತ್ತದೆ. ದೋಸೆ ಏನು ಮಾಡಿತು, ಮುದ್ದೆ ಏನು ಮಾಡಿತು ಎಂಬುದನ್ನು ಅದು ಹೇಳುವುದಿಲ್ಲ.

ಕ್ರಮ ಹೀಗಿದೆ. ಊಟಕ್ಕೆ ಕೂರುವ ಮುಂಚೆ ಒಂದು ಸಲ ನೋಡಿ ಬರೆದಿಡಿ. ಮೊದಲ ತುತ್ತು ಬಾಯಿಗಿಟ್ಟ ಹೊತ್ತನ್ನು ಗಡಿಯಾರದಲ್ಲಿ ನೋಡಿಕೊಳ್ಳಿ. ಅಲ್ಲಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ಊಟ ಮುಗಿದು ಕೈ ತೊಳೆದ ಹೊತ್ತಿನಿಂದ ಎಣಿಸಬಾರದು. ಈ ಎರಡು ಗಂಟೆಯಲ್ಲಿ ಬೇರೆ ಏನೂ ತಿನ್ನಬೇಡಿ, ಕಾಫಿಯೂ ಬೇಡ.

ದಿನಕ್ಕೆ ಆರು ಸಲ ಚುಚ್ಚಿಕೊಳ್ಳಬೇಕಿಲ್ಲ. ಒಂದು ವಾರ ತಿಂಡಿಯ ಸುತ್ತ ಮಾತ್ರ ನೋಡಿ. ಮುಂದಿನ ವಾರ ಮಧ್ಯಾಹ್ನದ ಊಟ, ಆಮೇಲಿನ ವಾರ ರಾತ್ರಿಯದು. ಮೂರು ವಾರದಲ್ಲಿ ನಿಮ್ಮ ಮನೆಯ ಅಡುಗೆಯ ಪೂರ್ತಿ ನಕ್ಷೆ ಕೈಗೆ ಬರುತ್ತದೆ. ಅದು ಸಿಕ್ಕ ಮೇಲೆ ಪರೀಕ್ಷೆ ಕಡಿಮೆ ಮಾಡಬಹುದು. ಹೊಸ ತಿಂಡಿ, ಹೊಸ ಮಾತ್ರೆ, ಜ್ವರ ಬಂದಾಗ ಮತ್ತೆ ನೋಡಿದರೆ ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಸಾಲದು. ಅವರು ಡಾಕ್ಟರು ಹೇಳಿದ ವೇಳೆಯಲ್ಲಿ ತಪ್ಪದೆ ನೋಡಲೇಬೇಕು.

ಸಾಮಾನ್ಯವಾಗಿ ಹೇಳುವ ಗುರಿ ಇದು: ಊಟದ ಮುಂಚೆ 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಗೆ 180ರ ಒಳಗೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಇದನ್ನು ಸಡಿಲ ಮಾಡುತ್ತಾರೆ. ನಿಮ್ಮ ಗುರಿ ಎಷ್ಟು ಎಂದು ಕೇಳಿ, ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ನಾನು ಇನ್ನೊಂದು ಅಂಕಿಯನ್ನೂ ನೋಡುತ್ತೇನೆ: ಊಟದ ಮುಂಚಿಗಿಂತ ಎಷ್ಟು ಏರಿತು? 40, 50ರ ಒಳಗಿದ್ದರೆ ಆ ಊಟ ನನಗೆ ಆಗಿಬಂತು ಎಂದು ತಿಳಿದುಕೊಳ್ಳುತ್ತೇನೆ.

ಬರೆದಿಡಲು ಆ್ಯಪ್ ಬೇಕಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ತಾರೀಖು, ಮುಂಚೆ, ನಂತರ, ಏನು ತಿಂದೆ, ಎಷ್ಟು ತಿಂದೆ. ಕೊನೆಯ ಎರಡನ್ನು ಬಿಟ್ಟರೆ ಮೊದಲ ಮೂರಕ್ಕೆ ಅರ್ಥವೇ ಇರುವುದಿಲ್ಲ. “ಮುದ್ದೆ ಊಟ” ಎಂದು ಬರೆದರೆ ಸಾಲದು. “ದೊಡ್ಡ ಮುದ್ದೆ 1, ಬಸ್ಸಾರು, ಪಲ್ಯ 2 ಚಮಚ, ಮಜ್ಜಿಗೆ” ಎಂದು ಬರೆಯಿರಿ.

ಹೆಜ್ಜೆ 4: ನಮ್ಮ ಊಟವನ್ನೇ ಮೀಟರ್‌ಗೆ ಒಡ್ಡಿ

ನಮ್ಮ ಕಡೆ ಮುದ್ದೆ ತಿಂದರೆ ಶುಗರ್ ಬರುವುದೇ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. ನಾರು ಹೆಚ್ಚು, ಸುಣ್ಣದ ಅಂಶ ಧಾರಾಳ. ಆದರೆ 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 70 ಗ್ರಾಂ ಇದೆ. ಅಕ್ಕಿಯಲ್ಲಿ 78ರ ಆಸುಪಾಸು. ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಮುದ್ದೆಯೊಂದಕ್ಕೆ 100 ಗ್ರಾಂ ಹಿಟ್ಟು ಸುಲಭವಾಗಿ ಹೋಗುತ್ತದೆ. ಹೊಲದಲ್ಲಿ ಉಳುವವರಿಗೆ ಅದು ಕರಗುತ್ತಿತ್ತು. ಕುರ್ಚಿಯಲ್ಲಿ ಕೂರುವವರ ರಕ್ತದಲ್ಲಿ ಅದು ಉಳಿಯುತ್ತದೆ.

ನನ್ನ ಪುಸ್ತಕದಿಂದಲೇ ಒಂದು ಜೋಡಿ ಹೇಳುತ್ತೇನೆ. ದೊಡ್ಡ ಮುದ್ದೆ, ಬಸ್ಸಾರು, ಮೇಲೆ ಒಂದು ಸೌಟು ಅನ್ನ: ಮುಂಚೆ 118, ನಂತರ 212. ಅದೇ ಹಿಟ್ಟಿನ ಅರ್ಧ ಮುದ್ದೆ, ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಸಾರಿನಲ್ಲಿ ಹುರುಳಿಕಾಳು ಜಾಸ್ತಿ, ಅನ್ನ ಇಲ್ಲ: ಮುಂಚೆ 121, ನಂತರ 159. ಮುದ್ದೆ ಬಿಡಲಿಲ್ಲ, ಸಾರೂ ಬಿಡಲಿಲ್ಲ. ನಿಮ್ಮ ಅಂಕಿಗಳು ಬೇರೆಯೇ ಬರುತ್ತವೆ, ಅದಕ್ಕೇ ನೋಡಿ ಅನ್ನುತ್ತಿರುವುದು.

ರಾಗಿ ಗಂಜಿಯ ಕಥೆಯೇ ಬೇರೆ. ಅದೇ ರಾಗಿ, ನುಣ್ಣಗೆ ಬೀಸಿ, ನೀರಾಗಿ ಬೇಯಿಸಿ, ಗಟಗಟ ಕುಡಿದಾಗ ಬೇಗ ಏರುತ್ತದೆ. ಅಗಿಯುವ ಕೆಲಸವೇ ಇಲ್ಲ, ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. “ಶುಗರ್ ಇದೆ, ಬೆಳಿಗ್ಗೆ ಬರೀ ರಾಗಿ ಮಾಲ್ಟ್ ಕುಡಿಯುತ್ತೇನೆ” ಎನ್ನುವವರು ಒಂದು ದಿನ ಎರಡು ಗಂಟೆಗೆ ನೋಡಬೇಕು. ಧಾನ್ಯ ಯಾವುದು ಎಂಬುದರಷ್ಟೇ ಅದನ್ನು ಹೇಗೆ ಬೇಯಿಸಿದೆವು ಎಂಬುದೂ ಮುಖ್ಯ.

ತಿಂಡಿಗೆ ಬಂದರೆ ಇಡ್ಲಿ, ದೋಸೆ, ಅವಲಕ್ಕಿ, ಉಪ್ಪಿಟ್ಟು, ಚಿತ್ರಾನ್ನ, ಅಕ್ಕಿ ರೊಟ್ಟಿ ಎಲ್ಲವೂ ಹಿಟ್ಟಿನ ಕಡೆಗೇ ವಾಲುತ್ತವೆ. ಪಕ್ಕದಲ್ಲಿ ಏನಿರುತ್ತದೆ ಎಂಬುದರ ಮೇಲೆ ಅಂಕಿ ನಿಲ್ಲುತ್ತದೆ. ಎರಡು ಇಡ್ಲಿಗೆ ಒಂದು ದೊಡ್ಡ ಬಟ್ಟಲು ತರಕಾರಿ ಸಾಂಬಾರು ಸೇರಿದರೆ ಒಂದು ಲೆಕ್ಕ, ನಾಲ್ಕು ಇಡ್ಲಿಗೆ ಬರೀ ಚಟ್ನಿ ಆದರೆ ಇನ್ನೊಂದು. ಹೆಸರುಕಾಳಿನ ದೋಸೆ ನನಗೆ ಚೆನ್ನಾಗಿ ಆಗಿಬಂದಿದೆ. ಉತ್ತರ ಕರ್ನಾಟಕದ ಊಟದಲ್ಲಿ ಒಂದು ಅನುಕೂಲವಿದೆ: ಜೋಳದ ರೊಟ್ಟಿಯ ಜತೆ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆ, ಮೂಲಂಗಿ ತಾವಾಗಿಯೇ ಬರುತ್ತವೆ. ಆದರೂ ರೊಟ್ಟಿಯನ್ನು ಎಣಿಸಿಯೇ ತಿನ್ನಬೇಕು.

ಬೆಲ್ಲ, ಜೇನುತುಪ್ಪ, ಕಬ್ಬಿನ ಹಾಲು, ಎಳನೀರು ಇವುಗಳ ಬಗ್ಗೆ ಕೇಳುವವರು ಬಹಳ. ಬೆಲ್ಲವೂ ಸಕ್ಕರೆಯೇ. ಆಲೆಮನೆಯಿಂದ ನೇರವಾಗಿ ತಂದರೂ, ಬಣ್ಣ ಕಪ್ಪಗಿದ್ದರೂ ಅಷ್ಟೇ. ಜೇನೂ ಹಾಗೆಯೇ. ಕಬ್ಬಿನ ಹಾಲು ಬೇಡವೇ ಬೇಡ. ಎಳನೀರಲ್ಲೂ ಸಕ್ಕರೆ ಇದೆ, ಆದರೆ ಕಡಿಮೆ. ಅಪರೂಪಕ್ಕೆ ಒಂದು ಕುಡಿದು ಮೀಟರ್ ನೋಡಿ. ಹಣ್ಣು ಬಿಡಬೇಡಿ, ಜ್ಯೂಸ್ ಬಿಡಿ. ಸೀಬೆ, ಪಪ್ಪಾಯಿ, ಕಿತ್ತಳೆ ನನಗೆ ತೊಂದರೆ ಕೊಟ್ಟಿಲ್ಲ. ಮಾವು, ಹಲಸಿನ ಕಾಲದಲ್ಲಿ ಎರಡು ಹೋಳು, ಎರಡು ತೊಳೆ, ಅದೂ ಅನ್ನ ಕಡಿಮೆ ಮಾಡಿದ ದಿನ.

ಹೆಜ್ಜೆ 5: ತಟ್ಟೆಯ ಸರದಿ ಬದಲಿಸಿ, ಆಮೇಲೆ ಸ್ವಲ್ಪ ನಡೆಯಿರಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ.

ಮೊದಲು ಮಾಡಬೇಕಾದದ್ದು ಸರದಿಯ ಬದಲಾವಣೆ. ತರಕಾರಿ, ಕಾಳು, ಮೊಟ್ಟೆ ಅಥವಾ ಮೀನನ್ನು ಮೊದಲು ತಿಂದು ಅನ್ನ, ಮುದ್ದೆ, ಚಪಾತಿಯನ್ನು ಕೊನೆಗೆ ತಿಂದರೆ ಶುಗರ್ ನಿಧಾನವಾಗಿ ಏರುತ್ತದೆ. ನಮ್ಮ ಬಾಳೆ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಡಿಸುತ್ತಾರಲ್ಲ, ಅದು ನಮ್ಮ ಅನುಕೂಲಕ್ಕೇ ಇದೆ. ಮದುವೆ ಮನೆಯಲ್ಲಿ ಅನ್ನ ಬರುವಷ್ಟರಲ್ಲಿ ಕೋಸಂಬರಿ ಎರಡು ಸಲ ಹಾಕಿಸಿಕೊಂಡು ತಿಂದುಬಿಡಿ. ಮನೆಯಲ್ಲಿ ಹೆಸರುಬೇಳೆ ಮೊದಲೇ ನೆನೆಸಿಟ್ಟಿದ್ದರೆ, ಸೌತೆಕಾಯಿ ಹೆಚ್ಚಿ, ನಿಂಬೆ ಹಿಂಡಲು ಹತ್ತು ನಿಮಿಷವೂ ಬೇಡ. ಯಾರೂ ಇದನ್ನು ಪಥ್ಯ ಎಂದು ಕರೆಯುವುದಿಲ್ಲ, ಮನೆಮಂದಿಯೆಲ್ಲ ತಿನ್ನುತ್ತಾರೆ. ಶುಗರ್ ಇರುವವರಿಗೆ ಬೇರೆ ಅಡುಗೆ ಮಾಡುವ ಮನೆಯಲ್ಲಿ ಆ ಕ್ರಮ ಬಹಳ ದಿನ ನಡೆಯುವುದಿಲ್ಲ.

ಎರಡನೆಯದು ಅಳತೆ. ಅನ್ನಕ್ಕೆ ಒಂದು ಬಟ್ಟಲು ಗೊತ್ತು ಮಾಡಿ. ಸೌಟಿನ ಲೆಕ್ಕ ಮನೆಯಿಂದ ಮನೆಗೆ, ಕೈಯಿಂದ ಕೈಗೆ ಬದಲಾಗುತ್ತದೆ. ಅನ್ನ ಕಡಿಮೆ ಮಾಡಿದ ಜಾಗಕ್ಕೆ ಹುಳಿಯಲ್ಲಿನ ತರಕಾರಿ, ಬೇಳೆ ಬರಬೇಕು. ಇಲ್ಲದಿದ್ದರೆ ನಾಲ್ಕು ಗಂಟೆಗೆ ಹಸಿವಾಗಿ ಬಿಸ್ಕತ್ತಿಗೆ ಕೈ ಹೋಗುತ್ತದೆ. “ಶುಗರ್ ಫ್ರೀ” ಎಂದು ಬರೆದ ಬಿಸ್ಕತ್ತೂ ಮೈದಾ ಹಿಟ್ಟಿನದೇ ಆಗಿದ್ದರೆ ಶುಗರ್ ಏರಿಸುತ್ತದೆ.

ಮೂರನೆಯದು ಊಟದ ನಂತರದ ನಡಿಗೆ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವುದು ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಊಟದ ಏರಿಕೆಯನ್ನು ತಗ್ಗಿಸಬೇಕಾದರೆ ಊಟದ ನಂತರವೇ ನಡೆಯಬೇಕು. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಂದು ಸಲ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ ಶೇ. 12ರಷ್ಟು ಕಡಿಮೆ ಬಂದಿತ್ತು. ಹೆಚ್ಚು ಪ್ರಯೋಜನ ಕಂಡದ್ದು ರಾತ್ರಿ ಊಟದ ನಂತರ. ನಡೆಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ, ಅದಕ್ಕೆ ಹೆಚ್ಚು ಇನ್ಸುಲಿನ್ ಕೂಡ ಬೇಡ. ಮಳೆ ಬರುತ್ತಿದ್ದರೆ ಮನೆಯೊಳಗೇ ಹಾಲ್‌ನಿಂದ ಅಡುಗೆಮನೆಗೆ ಓಡಾಡಿ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತಿ ಇಳಿಸುತ್ತಾ ಇರಬಹುದು.

ಬೆಳಗಿನ ಅಂಕಿ ಮಾತ್ರ ಹೆಚ್ಚು ಬರುತ್ತಿದ್ದರೆ

ರಾತ್ರಿ ಮಿತವಾಗಿ ಉಂಡು ಮಲಗಿದರೂ ಬೆಳಿಗ್ಗೆ ಫಾಸ್ಟಿಂಗ್ 150 ಬರುವುದುಂಟು. ನಸುಕಿನಲ್ಲಿ ದೇಹ ಎಚ್ಚರಗೊಳ್ಳಲು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ, ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಹೆದರಿ ರಾತ್ರಿ ಊಟ ಬಿಟ್ಟುಬಿಡಬೇಡಿ. ಮಲಗುವ ಮುಂಚಿನ ಅಂಕಿ, ಸಾಧ್ಯವಾದರೆ ಒಂದೆರಡು ದಿನ ನಸುಕಿನ 3 ಗಂಟೆಯ ಅಂಕಿ, ಬೆಳಗಿನ ಅಂಕಿ ಮೂರನ್ನೂ ಬರೆದು ಡಾಕ್ಟರಿಗೆ ತೋರಿಸಿ. ನಸುಕಿನಲ್ಲಿ ಅಂಕಿ ತೀರಾ ಕೆಳಗಿಳಿಯುತ್ತಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಅಳತೆಯನ್ನು ಅವರು ಬದಲಿಸಬೇಕಾಗುತ್ತದೆ.

ಹೆಜ್ಜೆ 6: ಲೋ ಶುಗರ್‌ಗೆ ಮೊದಲೇ ಸಿದ್ಧರಾಗಿ

ಹೆಚ್ಚಿನ ಶುಗರ್ ವರ್ಷಗಳಲ್ಲಿ ಹಾನಿ ಮಾಡುತ್ತದೆ. ಲೋ ಶುಗರ್ ನಿಮಿಷಗಳಲ್ಲಿ ಮಾಡುತ್ತದೆ. 70ಕ್ಕಿಂತ ಕೆಳಗೆ ಇಳಿದರೆ ಅದು ಲೋ. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಡವ, ವಿಪರೀತ ಹಸಿವು, ತಲೆ ಮಂಕಾಗುವುದು, ಸುಮ್ನೆ ಸಿಟ್ಟು ಬರುವುದು ಇವೆಲ್ಲ ಅದರ ಗುರುತು. ಬಿಪಿಗೆ ಅಥವಾ ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಡವಡವ ಗೊತ್ತಾಗದೇ ಹೋಗಬಹುದು. ಅವರು ಬೆವರನ್ನು ಗಮನಿಸಬೇಕು.

ನಿಮ್ಮ ಮಾತ್ರೆಯ ಹಾಳೆಯನ್ನು ಈಗಲೇ ತೆಗೆದು ಓದಿ. ಬರೀ ಮೆಟ್‌ಫಾರ್ಮಿನ್ ಇದ್ದರೆ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಎಂದು ಬರೆದಿದ್ದರೆ, ಇಲ್ಲವೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಊಟ ತಡವಾದ ದಿನ ಲೋ ಆಗಬಹುದು. ಮಾತ್ರೆ ನುಂಗಿ “ಆಮೇಲೆ ತಿನ್ನೋಣ” ಎಂದು ಕೆಲಸಕ್ಕೆ ಕೂರಬೇಡಿ. ತಿಂಡಿ ಎದುರಿಗೆ ಬಂದ ಮೇಲೆ ಮಾತ್ರೆ ತೆಗೆದುಕೊಳ್ಳಿ.

ಲೋ ಆದಾಗ ಮಾಡಬೇಕಾದದ್ದು ಹೀಗೆ. 15 ಗ್ರಾಂ ಗ್ಲುಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಕೂತಿರಿ, ಮತ್ತೆ ಚುಚ್ಚಿ ನೋಡಿ. ಇನ್ನೂ 70ರ ಕೆಳಗೇ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಮೇಲೆ ಬಂದ ಮೇಲೆ ಏನಾದರೂ ತಿನ್ನಿ. ಚಾಕೊಲೇಟ್, ಮೈಸೂರು ಪಾಕ್ ಬೇಡ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ನಮ್ಮಲ್ಲಿ ಬರೆಯುವ ಎಷ್ಟೋ ಮಾತ್ರೆಗಳಲ್ಲಿ ಮೂರು ಔಷಧಿ ಸೇರಿರುತ್ತವೆ, ಮೂರನೆಯದು ವೊಗ್ಲಿಬೋಸ್. ಅಕಾರ್ಬೋಸ್ ಕೂಡ ಅದೇ ಜಾತಿ. ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುವುದೇ ಇವುಗಳ ಕೆಲಸ. ಹಾಗಾಗಿ ಇವು ಹೊಟ್ಟೆಯಲ್ಲಿರುವಾಗ ಲೋ ಆದರೆ, ಅಡುಗೆಮನೆಯ ಸಕ್ಕರೆಯೋ ಬೆಲ್ಲವೋ ಬೇಗ ಕೆಲಸ ಮಾಡುವುದಿಲ್ಲ. ಒಡೆಯುವ ಅಗತ್ಯವೇ ಇಲ್ಲದ ಗ್ಲುಕೋಸ್ ಪುಡಿಯೇ ಬೇಕು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಗ್ಲುಕೋಸ್ ಪೊಟ್ಟಣ ಮನೆಯಲ್ಲೊಂದು, ಬ್ಯಾಗಿನಲ್ಲೊಂದು, ಗಾಡಿಯ ಡಿಕ್ಕಿಯಲ್ಲೊಂದು ಇರಲಿ.

ಮನೆಯವರಿಗೆ ಒಂದು ಮಾತು ಹೇಳಿಕೊಡಿ: ಎಚ್ಚರ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು, ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಹೆಜ್ಜೆ 7: ಮೂರು ತಿಂಗಳ ಶುಗರನ್ನು ಪುಸ್ತಕದ ಪಕ್ಕ ಇಟ್ಟು ಓದಿ

ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸರಾಸರಿ. 6 ಬಂದರೆ ಸರಾಸರಿ 126, 7 ಬಂದರೆ 154, 8 ಬಂದರೆ 183. ಹೆಚ್ಚಿನವರಿಗೆ 7ರ ಆಸುಪಾಸು ಗುರಿ ಇಡುತ್ತಾರೆ. ಹತೋಟಿಗೆ ಬರುವವರೆಗೆ ಮೂರು ತಿಂಗಳಿಗೊಮ್ಮೆ, ಬಂದ ಮೇಲೆ ಆರು ತಿಂಗಳಿಗೊಮ್ಮೆ ಮಾಡಿಸಿದರೆ ಸಾಕು.

ಮನೆಯ ಅಂಕಿಗಳಿಗೂ ಇದಕ್ಕೂ ತಾಳೆಯಾಗದಿದ್ದರೆ ಎರಡು ಕಾರಣ ಇರಬಹುದು. ಒಂದು, ನೀವು ನೋಡದ ಹೊತ್ತಿನಲ್ಲಿ ಶುಗರ್ ಏರುತ್ತಿದೆ. ಇನ್ನೊಂದು, ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಎಲ್ಲರಿಗೂ ಗೊತ್ತು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಜತೆಗೇ ನೋಡಿಸಿ.

ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಇಳಿಯಬಹುದು. ಸಸ್ಯಾಹಾರಿಗಳಲ್ಲಿ ಇನ್ನೂ ಹೆಚ್ಚು. ಪಾದ ಉರಿ, ಜುಮ್ಮೆನ್ನುವುದು ಎಲ್ಲವೂ ಶುಗರ್‌ನಿಂದಲೇ ಎಂದುಕೊಳ್ಳುತ್ತೇವೆ, ಕೆಲವೊಮ್ಮೆ ಅದು ಬಿ12 ಕೊರತೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಚಿಕಿತ್ಸೆಯೂ ಸುಲಭ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಕಿಡ್ನಿಗಾಗಿ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಜತೆಗೆ ಕೊಲೆಸ್ಟ್ರಾಲ್ ನೋಡಿಸಿ. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ಬಿಡಬೇಡಿ, ರೆಟಿನಾ ಹಾಳಾಗುವಾಗ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಹೆಜ್ಜೆ 8: ಪಾದಕ್ಕೆ ದಿನಕ್ಕೆ ಎರಡು ನಿಮಿಷ

ರಾತ್ರಿ ಮಲಗುವ ಮುಂಚೆ ಪಾದ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬೆರಳಿನ ಸಂದು, ಹಿಮ್ಮಡಿಯ ಬಿರುಕು, ಅಂಗಾಲು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲ ಮನೆಯವರಿಗೆ ತೋರಿಸಿ. ಹಿಮ್ಮಡಿಗೆ ಎಣ್ಣೆ ಹಚ್ಚಿ, ಬೆರಳಿನ ಸಂದಿಗೆ ಬೇಡ.

ನಮ್ಮಲ್ಲಿ ಬರಿಗಾಲಲ್ಲಿ ನಡೆಯುವ ಸಂದರ್ಭ ಜಾಸ್ತಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡರೂ, ನರ ಸೋತವರಿಗೆ ಉರಿ ತಿಳಿಯುವುದಿಲ್ಲ. ಬೊಬ್ಬೆ ಎದ್ದಾಗಲೇ ಗೊತ್ತಾಗುವುದು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ದಪ್ಪ ಹತ್ತಿಯ ಸಾಕ್ಸ್ ಹಾಕಿಕೊಳ್ಳಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಗಾಯ ಸಣ್ಣದಿದ್ದರೂ ಎರಡು ದಿನದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹಬ್ಬ, ಉಪವಾಸ, ಮನೆಮದ್ದು

ಯುಗಾದಿಗೆ ಹೋಳಿಗೆ ತಿನ್ನಬೇಕು ಅನಿಸುತ್ತದೆ, ತಿನ್ನಿ. ಅರ್ಧ ತಿನ್ನಿ, ಊಟದ ಕೊನೆಗೆ ತಿನ್ನಿ, ಆ ಹೊತ್ತು ಅನ್ನ ಬಿಡಿ, ತಿಂದ ಮೇಲೆ ನಡೆಯಿರಿ, ಎರಡು ಗಂಟೆಗೆ ನೋಡಿ ಬರೆಯಿರಿ.

ಉಪವಾಸ ಮಾತ್ರ ಡಾಕ್ಟರನ್ನು ಕೇಳದೆ ಮಾಡಬೇಡಿ. ಏಕಾದಶಿ, ಶಿವರಾತ್ರಿ, ರಂಜಾನ್ ಯಾವುದೇ ಇರಲಿ, ಕೆಲವು ದಿನ ಮುಂಚೆಯೇ ಹೋಗಿ ಮಾತ್ರೆಯ ವೇಳೆ, ಅಳತೆ ಕೇಳಿಕೊಳ್ಳಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಹೊಟ್ಟೆಗಿಲ್ಲದೆ ಅಥವಾ ವಾಂತಿ ಆಗುತ್ತಾ ಈ ಮಾತ್ರೆ ಮುಂದುವರಿಸಿದರೆ ರಕ್ತ ಆಮ್ಲವಾಗುವ ಅಪಾಯವಿದೆ, ಮೀಟರ್‌ನಲ್ಲಿ ಅಂಕಿ ಅಷ್ಟೇನೂ ಹೆಚ್ಚಿಲ್ಲದಿದ್ದರೂ. ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸಾಬುದಾನಿ ಪೂರ್ತಿ ಹಿಟ್ಟು ಎಂಬುದೂ ನೆನಪಿರಲಿ.

ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಧಾರಾಳವಾಗಿ ಇರಲಿ. ಮೆಂತ್ಯದ ನಾರಿನಿಂದ ಸ್ವಲ್ಪ ಅನುಕೂಲವೂ ಇದೆ. ಆದರೆ ಯಾವುದೋ ಪುಡಿ ನಂಬಿ ಮಾತ್ರೆ ನಿಲ್ಲಿಸಬೇಡಿ. ಯಾರಾದರೂ ಹೊಸ ಮನೆಮದ್ದು ಹೇಳಿದರೆ ಜೋಡಿ ಪರೀಕ್ಷೆಯಲ್ಲಿ ನೋಡಿ. ಅದು ಕೆಲಸ ಮಾಡಿದರೆ ಅಂಕಿಯಲ್ಲಿ ಕಾಣಬೇಕು ಅಲ್ವಾ?

ಡಾಕ್ಟರ ಹತ್ತಿರ ಹೋಗುವಾಗ

ಪುಸ್ತಕ ತೆಗೆದುಕೊಂಡು ಹೋಗಿ. ಹೆಚ್ಚು ಏರಿದ ಊಟಗಳಿಗೆ ಕೆಂಪು ಗೆರೆ, ಲೋ ಆದ ದಿನಗಳಿಗೆ ಸುತ್ತು ಹಾಕಿಟ್ಟಿದ್ದರೆ ಅವರು ಒಂದೇ ನೋಟದಲ್ಲಿ ಓದುತ್ತಾರೆ. “ರಾತ್ರಿ ಊಟದ ನಂತರ ಮಾತ್ರ ಏರುತ್ತಿದೆ” ಎಂದು ನೀವು ಹೇಳಿದರೆ ಮಾತೇ ಬೇರೆ ದಾರಿಯಲ್ಲಿ ಹೋಗುತ್ತದೆ, ಔಷಧಿ ಇಡೀ ದಿನಕ್ಕೆ ಹೆಚ್ಚಿಸುವ ಬದಲು ಆ ಒಂದು ಹೊತ್ತಿಗೆ ಸರಿಪಡಿಸುವ ಯೋಚನೆ ಬರುತ್ತದೆ.

ಖರ್ಚಿನ ಬಗ್ಗೆ ಸಂಕೋಚವಿಲ್ಲದೆ ಕೇಳಿ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಸಿಟಾಗ್ಲಿಪ್ಟಿನ್ ಎಂಬ ಇನ್ನೊಂದು ಶುಗರ್ ಮಾತ್ರೆಯದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ ಮುಗಿಯಿತು. ಆಮೇಲೆ ಈ ಮೂರರ ಬೆಲೆಯೂ ಬಹಳ ಇಳಿದಿದೆ. ಹಳೆಯ ಬ್ರ್ಯಾಂಡನ್ನೇ ಹಳೆಯ ಬೆಲೆಗೆ ಕೊಳ್ಳುತ್ತಿದ್ದರೆ ಜೆನೆರಿಕ್ ಬರೆದುಕೊಡಿ ಎಂದು ಕೇಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಶುಗರ್, ಬಿಪಿ ಪರೀಕ್ಷೆ ಉಚಿತ. ನಿಮ್ಮ ಒಡಹುಟ್ಟಿದವರನ್ನೂ ದೊಡ್ಡ ಮಕ್ಕಳನ್ನೂ ಅಲ್ಲಿಗೆ ಕಳಿಸಿ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಗಡಿಯಲ್ಲಿರುವಾಗಲೇ ಗೊತ್ತಾದರೆ ಎಷ್ಟೋ ಜನ ಮಾತ್ರೆಯನ್ನೇ ವರ್ಷಗಟ್ಟಲೆ ಮುಂದೂಡಬಹುದು.